ಯುಕೆ ಓಪನ್ ಡಾರ್ಟ್ಸ್‌ನ ಅಮೆಚೂರ್ ಕ್ವಾಲಿಫೈಯರ್‌ಗೆ 68 ಆವರೇಜ್ ಸಾಕಾ, ಇನ್ನೊಂದು ವರ್ಷ ಕಾಯಬೇಕಾ?

ಕಾಯಬೇಡಿ. ಆದರೆ ನೀವು ಆವರೇಜ್, ಅಂದ್ರೆ ಮೂರು ಡಾರ್ಟಿಗೆ ಬರುವ ಸರಾಸರಿ ಅಂಕ, ಹಿಡಿದುಕೊಂಡು ಕೇಳಿದ್ದೀರಲ್ಲ, ಪ್ರಶ್ನೆ ತಪ್ಪಿರೋದೇ ಅಲ್ಲಿ. ಇದನ್ನೇ ಕೇಳಿಕೊಂಡು ನಾನು ಮೂರು ವರ್ಷ ಹಾಳು ಮಾಡಿದ್ದೇನೆ. 68 ಇತ್ತು, 75 ಆಗಲಿ ಅಂದೆ. 75 ಬಂತು, 80 ಆಗಲಿ ಅಂದೆ. ಕೊನೆಗೆ ಹೋಗಿದ್ದು ಮತ್ತೆ 72ಕ್ಕೆ ಇಳಿದಿದ್ದಾಗ. ಅದೂ ಪಬ್ ಲೀಗಿನ ಗೆಳೆಯನೊಬ್ಬ ನನ್ನನ್ನು ಕೇಳದೆ ಹೆಸರು ಕೊಟ್ಟುಬಿಟ್ಟಿದ್ದಕ್ಕೆ.

ಡಾರ್ಟ್ಸ್ ಗೊತ್ತಿಲ್ಲದವರೂ ಇದನ್ನು ಓದಬಹುದು, ಅವರಿಗಾಗಿ ಎರಡು ಮಾತು. ಇಬ್ಬರೂ 501ರಿಂದ ಶುರು ಮಾಡಿ, ಸರದಿಗೆ ಮೂರು ಡಾರ್ಟು ಎಸೆದು, ಬಿದ್ದ ಅಂಕ ಕಳೆಯುತ್ತಾ ಸರಿಯಾಗಿ ಸೊನ್ನೆಗೆ ಇಳಿಯಬೇಕು. ಕೊನೆಯ ಡಾರ್ಟು ಡಬಲ್‌ಗೆ ಇಲ್ಲವೇ ಬುಲ್‌ಗೇ ಬೀಳಬೇಕು. ಹಾಗೆ ಮೊದಲು ಮುಗಿಸಿದವರಿಗೆ ಒಂದು ಲೆಗ್. ಡಬಲ್ ಅಂದ್ರೆ ಅಂಕ ಎರಡು ಪಟ್ಟಾಗುವ ಹೊರಗಿನ ಸಣ್ಣ ಪಟ್ಟಿ, ಟ್ರೆಬಲ್ ಅಂದ್ರೆ ಮೂರು ಪಟ್ಟಾಗುವ ಒಳಗಿನ ಪಟ್ಟಿ, ಬುಲ್ ಅಂದ್ರೆ ನಟ್ಟನಡುವಿನ 50. ಯುಕೆ ಓಪನ್ 2003ರಲ್ಲಿ ಶುರುವಾಯಿತು. ಮೊದಲು ಬೋಲ್ಟನ್‌ನಲ್ಲಿ ನಡೆಯುತ್ತಿತ್ತು, 2014ರಿಂದ ಇಂಗ್ಲೆಂಡಿನ ಸಾಮರ್ಸೆಟ್‌ನ ಸಮುದ್ರದಂಡೆಯ ಮೈನ್‌ಹೆಡ್‌ನಲ್ಲಿ, ಬಟ್ಲಿನ್ಸ್ ರೆಸಾರ್ಟ್ ಒಳಗೆ. 2021ರಲ್ಲಿ ಮಾತ್ರ ಕೊರೊನಾದಿಂದಾಗಿ ಮಿಲ್ಟನ್ ಕೀನ್ಸ್‌ಗೆ ಹೋಗಿತ್ತು. ಜನ ಇದನ್ನು ಡಾರ್ಟ್ಸ್‌ನ ಎಫ್‌ಎ ಕಪ್ ಅಂತಾರೆ, ಸಣ್ಣ ಕ್ಲಬ್ಬುಗಳೂ ದೊಡ್ಡವರ ಎದುರು ಆಡುವ ಇಂಗ್ಲೆಂಡಿನ ಫುಟ್‌ಬಾಲ್ ಕಪ್ ಅದು. ನಾಲ್ಕನೇ ರೌಂಡಿನಿಂದ ಪ್ರತಿ ರೌಂಡಿಗೂ ಹೊಸದಾಗಿ ಚೀಟಿ ಎತ್ತುತ್ತಾರೆ, ದೊಡ್ಡವರನ್ನು ಒಬ್ಬರಿಂದೊಬ್ಬರು ದೂರ ಇಡುವ ಏರ್ಪಾಡೇ ಇಲ್ಲ. ಟೂರ್ ಕಾರ್ಡ್, ಅಂದ್ರೆ ವೃತ್ತಿಪರ ಟೂರ್ನಿಗಳಲ್ಲಿ ಆಡುವ ಪರವಾನಗಿ, ಇರುವ 128 ವೃತ್ತಿಪರರ ಜೊತೆ ಕ್ವಾಲಿಫೈಯರ್ ಗೆದ್ದು ಬಂದ ಒಂದಷ್ಟು ಅಮೆಚೂರ್‌ಗಳೂ ಆಡುತ್ತಾರೆ. ಬಹಳ ವರ್ಷ ಈ ಕ್ವಾಲಿಫೈಯರ್‌ಗಳು ರೈಲೀಸ್ ಅನ್ನೋ ಸ್ನೂಕರ್-ಪೂಲ್ ಕ್ಲಬ್‌ಗಳಲ್ಲಿ ನಡೆದವು. ಒಂದು ಕ್ಲಬ್ಬಿನಲ್ಲಿ ಒಂದು ದಿನ, ಎಲ್ಲ ಪಂದ್ಯವೂ ನಾಕೌಟ್. ಗೆದ್ದ ಒಬ್ಬನಿಗೆ ಮೈನ್‌ಹೆಡ್, ಉಳಿದವರೆಲ್ಲ ಮನೆಗೆ.

ನಾನು ಹೋಗಿದ್ದು ಒಂದು ಭಾನುವಾರ. ಮೊದಲ ಪಂದ್ಯದಲ್ಲಿ ಕೈ ನಡುಗಿ ಎರಡು ಸಲ 26 ಹೊಡೆದೆ. ಟ್ರೆಬಲ್ 20 ಕಡೆ ಎಸೆದ ಮೂರು ಡಾರ್ಟು ಒಂದು 20ಕ್ಕೆ, ಒಂದು 5ಕ್ಕೆ, ಒಂದು 1ಕ್ಕೆ ಹೋದರೆ ಬರುವ ಲೆಕ್ಕ ಅದು. ಇಲ್ಲಿನವರು ಅದಕ್ಕೆ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಅಂತಾರೆ. ಹಿಂದೆ ಒಂದು ರಾತ್ರಿ ಮಲಗಿ ಬೆಳಗ್ಗೆ ತಿಂಡಿ ತಿನ್ನೋಕೆ ಎರಡು ಶಿಲಿಂಗ್ ಆರು ಪೆನ್ನಿ, ಅಂದ್ರೆ 2 ಮತ್ತು 6, ಆಗುತ್ತಿತ್ತಂತೆ, ಅದಕ್ಕೆ. ಎರಡು ಸಲ ಹೊಡೆದರೂ ಗೆದ್ದೆ, ಯಾಕಂದ್ರೆ ಎದುರಿಗಿದ್ದವನ ಕೈ ನನಗಿಂತ ಜಾಸ್ತಿ ನಡುಗುತ್ತಿತ್ತು. ಆಮೇಲಿನ ಮೂರು ಪಂದ್ಯ ಹೇಗೆ ಗೆದ್ದೆ ಅಂತ ಈಗ ಸರಿಯಾಗಿ ನೆನಪಿಲ್ಲ. ನೆನಪಿರೋದು ಸೆಮಿಫೈನಲ್.

ಎದುರಾಳಿಗೆ ಅರವತ್ತರ ಹತ್ತಿರ ವಯಸ್ಸು. ಮಾತಿಲ್ಲ, ಆತುರವಿಲ್ಲ, 180 (ಮೂರೂ ಡಾರ್ಟು ಟ್ರೆಬಲ್ 20ಕ್ಕೆ) ಅನ್ನೋದೇ ಇಲ್ಲ. 60, 85, 60, 100, ಹೀಗೆ ಗಾಣದೆತ್ತಿನ ಥರ ಸುತ್ತುತ್ತಿದ್ದರು. ನಾಲ್ಕು ಲೆಗ್ ಮೊದಲು ಗೆದ್ದವರು ಫೈನಲ್‌ಗೆ. 3-3 ಆಯಿತು. ಕೊನೆಯ ಲೆಗ್‌ನಲ್ಲಿ ನನಗೆ ಒಮ್ಮೆ 140, ಒಮ್ಮೆ 134 ಬಿತ್ತು, ಬೇಗ ಬೇಗ 107ಕ್ಕೆ ಇಳಿದುಬಿಟ್ಟೆ. ಅವರು ಇನ್ನೂ 241ರಲ್ಲಿದ್ದರು.

ಈ 241 ನೆನಪಿಟ್ಟುಕೊಳ್ಳಿ. ನಾನು ಅವತ್ತು ಅದನ್ನು ನೋಡಲೇ ಇಲ್ಲ.

107ಕ್ಕೆ ದಾರಿ ಎಲ್ಲರಿಗೂ ಗೊತ್ತು, ಟ್ರೆಬಲ್ 19, ಆಮೇಲೆ ಬುಲ್. ಮೊದಲ ಡಾರ್ಟು ಹೋಗಿ ಸೀದಾ ಟ್ರೆಬಲ್ 19ರಲ್ಲಿ ಕೂತಿತು. ಹಿಂದೆ ನಿಂತಿದ್ದವರು ಓಹ್ ಅಂದರು. ಆ ಓಹ್ ನನ್ನನ್ನು ಹಾಳು ಮಾಡಿತು. 50 ಉಳಿದಿದೆ, ಕೈಯಲ್ಲಿ ಎರಡು ಡಾರ್ಟು ಇವೆ. ನಾನು ಬುಲ್‌ಗೆ ಎಸೆದೆ.

ಇದು ಯಾಕೆ ಅಷ್ಟು ದೊಡ್ಡ ಪೆದ್ದುತನ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮನೆಯಲ್ಲಿ ಇದನ್ನು ಕೇಳೋ ತಾಳ್ಮೆ ಈಗ ಯಾರಿಗೂ ಉಳಿದಿಲ್ಲ.

ಮೂರು ಡಾರ್ಟಿನಲ್ಲಿ ಮುಗಿಸಬಹುದಾದ ಅತಿ ದೊಡ್ಡ ಲೆಕ್ಕ 170. ಟ್ರೆಬಲ್ 20, ಟ್ರೆಬಲ್ 20, ಬುಲ್. ಅದಕ್ಕಿಂತ ಮೇಲಿದ್ದರೆ ವಿಶ್ವ ಚಾಂಪಿಯನ್ನಿಗೂ ಆ ಸರದಿಯಲ್ಲಿ ಮುಗಿಸೋಕಾಗಲ್ಲ. ಆ ಮನುಷ್ಯ 241ರಲ್ಲಿದ್ದರು. ಅಂದರೆ ನಾನು ಆ ಎರಡು ಡಾರ್ಟನ್ನು ಏನೇ ಮಾಡಲಿ, ನನಗೆ ಇನ್ನೊಂದು ಸರದಿ ಗ್ಯಾರಂಟಿ. ಇನ್ನೂ ಮೂರು ಡಾರ್ಟು. ಯಾರೂ ಕಿತ್ತುಕೊಳ್ಳೋಕೆ ಸಾಧ್ಯವೇ ಇಲ್ಲದ ಮೂರು ಡಾರ್ಟು.

ಹಾಗಿದ್ದಾಗ ಮಾಡಬೇಕಾದ್ದು 18ಕ್ಕೆ ಒಂದು ಎಸೆದು 32 ಉಳಿಸಿಕೊಳ್ಳೋದು. ಸಿಂಗಲ್ 18 ಅಂದ್ರೆ ಅಂಗೈ ಅಗಲದ ಜಾಗ. 32 ಯಾಕೆ? ಡಬಲ್ 16ಕ್ಕೆ ಎಸೆದದ್ದು ಒಳಗೆ ಜಾರಿ ಸಿಂಗಲ್ 16 ಆದರೆ 16 ಉಳಿಯುತ್ತದೆ, ಅದು ಡಬಲ್ 8. ಅಲ್ಲೂ ಒಳಗೆ ಜಾರಿದರೆ ಡಬಲ್ 4, ಆಮೇಲೆ ಡಬಲ್ 2, ಆಮೇಲೆ ಡಬಲ್ 1. ತಪ್ಪಿದರೂ ಮತ್ತೆ ಸರಿಸಂಖ್ಯೆಯೇ ಸಿಗುತ್ತಾ ಹೋಗುತ್ತದೆ. ನಾನು ಹಾಗೆ ಮಾಡಿದ್ದರೆ ಆ ಸರದಿಯಲ್ಲಿ ಒಂದು, ಮುಂದಿನದರಲ್ಲಿ ಮೂರು, ಒಟ್ಟು ನಾಲ್ಕು ಡಾರ್ಟು ಡಬಲ್‌ಗೆ ಸಿಗುತ್ತಿದ್ದವು. ಬುಲ್ ನೋಡಿ. ಅಡ್ಡಗಲ 12.7 ಮಿಲಿಮೀಟರ್, ನೀವು ನಿಂತಿರೋದು 2.37 ಮೀಟರ್ ದೂರದಲ್ಲಿ. ಡಬಲ್ 16 ಎಂಟು ಮಿಲಿಮೀಟರ್ ದಪ್ಪ ಇದ್ದರೂ ಐದು ಸೆಂಟಿಮೀಟರ್ ಉದ್ದ ಇದೆ. ಬುಲ್‌ಗಿಂತ ಮೂರು ಪಟ್ಟು ಜಾಸ್ತಿ ಜಾಗ. ಬುಲ್ ಸುತ್ತಲಿನ ಹಸಿರು ಉಂಗುರಕ್ಕೆ ಬಿದ್ದರೆ 25. ಐವತ್ತರಲ್ಲಿ ಇಪ್ಪತ್ತೈದು ಹೋದರೆ ಬೆಸಸಂಖ್ಯೆ, ಬೆಸಸಂಖ್ಯೆಗೆ ಡಬಲ್ ಇಲ್ಲ.

ನನ್ನದು ಆ ಉಂಗುರಕ್ಕೇ ಬಿತ್ತು.

25 ಉಳಿಯಿತು, ಒಂದು ಡಾರ್ಟು. ಸರಿ, 17 ಹೊಡೆದರೆ 8 ಉಳಿಯುತ್ತದೆ ಅಂತ ಎಸೆದೆ, ಪಕ್ಕದ 2ಕ್ಕೆ ಹೋಯಿತು. 23. ಮತ್ತೆ ಬೆಸ. ಚಿಕ್ಕಂದಿನಲ್ಲಿ ಹದಿನೇಳು ಮೂರ್ಲ ಐವತ್ತೊಂದು ಅಂತ ಕೂಗಿ ಕೂಗಿ ಮಗ್ಗಿ ಕಲಿತವನು ನಾನು, ಪಬ್‌ನಲ್ಲಿ ಕ್ಯಾಲ್ಕುಲೇಟರ್ ಅಂತಲೇ ಕರೆಯುತ್ತಿದ್ದರು, ಆ ಜಂಬವೂ ಇತ್ತು. ಆದರೆ ಮಗ್ಗಿ ಬರೋದು ಬೇರೆ, ಯಾವ ಲೆಕ್ಕ ಮಾಡಬೇಕು ಅಂತ ಗೊತ್ತಿರೋದು ಬೇರೆ.

ಅವರು ಬಂದು ಇಡೀ ದಿನದಲ್ಲಿ ಮೊದಲ ಸಲ 140 ಹೊಡೆದರು. 101 ಉಳಿಯಿತು. ನಾನು 7ಕ್ಕೆ ಎಸೆದೆ, ಪಕ್ಕದ 19ಕ್ಕೆ ಬಿತ್ತು, 4 ಉಳಿಯಿತು. ಡಬಲ್ 2ಕ್ಕೆ ಎಸೆದೆ, ಒಳಗೆ ಜಾರಿ 2 ಉಳಿಯಿತು. ಡಬಲ್ 1ಕ್ಕೆ ಎಸೆದೆ, ತಂತಿಯ ಹೊರಗೆ.

ಈಗ ಅವರ ಸರದಿ. ಟ್ರೆಬಲ್ 17, ಉಳಿದದ್ದು 50, ಕೈಯಲ್ಲಿ ಎರಡು ಡಾರ್ಟು. ಹೌದು, ನಾನಿದ್ದ ಜಾಗವೇ. ಅವರಾದರೋ ಬುಲ್‌ಗೆ ಎಸೆದಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ, ಯಾಕಂದ್ರೆ ನಾನು 2ರಲ್ಲಿ ಕೂತಿದ್ದೆ, ಅವರಿಗೆ ಇನ್ನೊಂದು ಸರದಿ ಸಿಗುವ ಭರವಸೆ ಇರಲಿಲ್ಲ. ಅವರು ಒಮ್ಮೆ ಬೋರ್ಡ್ ಪಕ್ಕದಲ್ಲಿ ಬರೆದಿದ್ದ ನನ್ನ ಲೆಕ್ಕ ನೋಡಿದರು, ಒಮ್ಮೆ ತಮ್ಮದು ನೋಡಿಕೊಂಡರು, 18 ಹೊಡೆದರು, ಡಬಲ್ 16 ಹೊಡೆದರು. ಮುಗಿಯಿತು.

ಕೈ ಕುಲುಕುವಾಗ ಒಂದೇ ಮಾತು ಕೇಳಿದರು. "ಆ 50 ಇದ್ದಾಗ ನನ್ನ ಲೆಕ್ಕ ಎಷ್ಟಿದೆ ಅಂತ ನೋಡಿದ್ದೆಯಾ?" ನೋಡಿದ್ದೆ ಅಂತ ಸುಳ್ಳು ಹೇಳಿದೆ.

ಕಥೆ ಇಲ್ಲಿಗೇ ನಿಂತಿದ್ದರೆ ನಾನು ಏನೂ ಕಲಿಯುತ್ತಿರಲಿಲ್ಲ. ಆದರೆ ಇಂಥ ಟೂರ್ನಿಗಳಲ್ಲಿ ಸೋತವರು ಮುಂದಿನ ಪಂದ್ಯದ ಲೆಕ್ಕ ಬರೆಯಬೇಕು. ಮುಂದಿನ ಪಂದ್ಯ ಅಂದ್ರೆ ಫೈನಲ್. ಅಳು ಬರೋ ಹಾಗಿದ್ದವನು ಬೋರ್ಡ್ ಪಕ್ಕದಲ್ಲಿ ಅಲುಗಾಡದೆ ನಿಂತು ಅದೇ ಮನುಷ್ಯನ ಲೆಕ್ಕ ಬರೆದೆ. ಲೆಕ್ಕ ಬರೆಯುವವನಿಗೆ ಎರಡೂ ಕಾಲಂ ಕಾಣುತ್ತವೆ, ನೋಡದೆ ವಿಧಿಯಿಲ್ಲ. ಅರ್ಧ ಗಂಟೆಯಲ್ಲಿ ನನಗೆ ಆಟ ಬೇರೆಯೇ ಥರ ಕಾಣೋಕೆ ಶುರುವಾಯಿತು. ಆಡೋವಾಗ ನನಗೆ ಕಾಣುತ್ತಿದ್ದದ್ದು ನನ್ನ ಸಂಖ್ಯೆ ಮಾತ್ರ, ಇನ್ನೊಬ್ಬರು ಇದ್ದಾರೆ ಅನ್ನೋದೇ ಮರೆತಿರುತ್ತಿದ್ದೆ. ಅಂದಹಾಗೆ ಫೈನಲ್‌ನಲ್ಲಿ ಅವರು ಇಪ್ಪತ್ತು ದಾಟದ ಹುಡುಗನೊಬ್ಬನ ಕೈಯಲ್ಲಿ 4-1ರಿಂದ ಸೋತರು. ಆ ಹುಡುಗ ಮೈನ್‌ಹೆಡ್‌ಗೆ ಹೋಗಿ ಮೊದಲ ರೌಂಡಿನಲ್ಲೇ ಹೊರಬಿದ್ದ.

ಅದಕ್ಕೇ ಹೇಳಿದ್ದು, ಆವರೇಜ್ ಬಿಡಿ ಅಂತ. ಆ ಸೆಮಿಫೈನಲ್‌ನಲ್ಲಿ ನನ್ನ ಆವರೇಜ್ ಅವರಿಗಿಂತ ಜಾಸ್ತಿ ಇತ್ತು, ಅದನ್ನು ನಾನು ಬಹಳ ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದೆ, ಏನು ಬಂತು? ದೊಡ್ಡವರ ಮಟ್ಟದಲ್ಲೂ ನೋಡಿ. 2023ರ ಯುಕೆ ಓಪನ್ ಫೈನಲ್‌ನಲ್ಲಿ ಆಂಡ್ರ್ಯೂ ಗಿಲ್ಡಿಂಗ್ ಮೈಕಲ್ ವ್ಯಾನ್ ಗರ್ವೆನ್‌ರನ್ನು 11-10ರಿಂದ ಸೋಲಿಸಿದರು, ಆಗ ಗಿಲ್ಡಿಂಗ್‌ಗೆ 52 ವರ್ಷ. ಮರುವರ್ಷ ಡಿಮಿಟ್ರಿ ವ್ಯಾನ್ ಡೆನ್ ಬರ್ಗ್, ಲ್ಯೂಕ್ ಹಂಫ್ರೀಸ್ ಎದುರು ಮತ್ತೆ 11-10ರಿಂದ ಗೆದ್ದರು. ಸತತ ಎರಡು ವರ್ಷ ಕಪ್ ನಿರ್ಧಾರವಾದದ್ದು ಒಂದೇ ಒಂದು ಲೆಗ್‌ನಲ್ಲಿ. ಕ್ವಾಲಿಫೈಯರ್‌ನಲ್ಲಂತೂ ಪಂದ್ಯ ಇನ್ನೂ ಚಿಕ್ಕದು, ಆವರೇಜ್ ತನ್ನ ಬೆಲೆ ತೋರಿಸೋಕೆ ಟೈಮೇ ಇರಲ್ಲ.

ಹಾಗಂತ 68ಕ್ಕೆ ನೀವು ಗೆದ್ದುಬಿಡುತ್ತೀರಿ ಅಂತ ಹೇಳುತ್ತಿಲ್ಲ. ಬಹುಶಃ ಗೆಲ್ಲಲ್ಲ. ಆದರೆ ಇನ್ನೊಂದು ವರ್ಷ ಮನೆಯ ಬೋರ್ಡ್ ಮುಂದೆ ಒಬ್ಬರೇ ನಿಂತು 78 ಮಾಡಿಕೊಂಡರೂ, ಪಕ್ಕದಲ್ಲಿ ಇನ್ನೊಬ್ಬರ ಸಂಖ್ಯೆ ಇಳಿಯುತ್ತಿರುವಾಗ ಏನು ಮಾಡಬೇಕು ಅಂತ ಆ ಗೋಡೆ ನಿಮಗೆ ಕಲಿಸಲ್ಲ. ಸೋತರೆ ಹೋಗೋದು ಒಂದು ಭಾನುವಾರ ಮತ್ತೆ ಪ್ರವೇಶ ಶುಲ್ಕ, ಅಷ್ಟೇ ಅಲ್ವಾ? ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಈ ವರ್ಷದ್ದು ಓದಿಕೊಂಡು ಹೆಸರು ಕೊಡಿ.

ಅಲ್ಲಿಯವರೆಗೆ ಅಭ್ಯಾಸ ಮಾಡೋದಾದರೆ ಒಂದೇ ಕೆಲಸ ಮಾಡಿ. ಹಾಳೆಯಲ್ಲಿ ಎರಡು ಕಾಲಂ ಹಾಕಿ, ಎದುರಾಳಿಯ ಕಾಲಂನಲ್ಲಿ ಸುಮ್ನೆ ಯಾವುದೋ ಸಂಖ್ಯೆ ಬರೆದುಕೊಳ್ಳಿ. ಒಮ್ಮೆ 241, ಒಮ್ಮೆ 40. ನಿಮ್ಮದು 50 ಇರಲಿ, ಎರಡು ಡಾರ್ಟು ಇರಲಿ. 40 ಇದ್ದರೆ ಬುಲ್‌ಗೆ ಹೋದರೂ ತಪ್ಪಿಲ್ಲ, 241 ಇದ್ದರೆ 18. ಇದನ್ನು ಬಾಯಲ್ಲಿ ಹೇಳಿಕೊಂಡೇ ಎಸೆಯಿರಿ, ಯಾರಾದರೂ ನೋಡಿ ನಕ್ಕರೆ ನಗಲಿ. ಭಾರದ ಹೊಸ ಡಾರ್ಟ್ಸ್ ತಗೊಳ್ಳಲಾ ಅಂತಲೂ ಕೇಳಿದ್ದೀರಿ. ಬೇಡ. ನಾನು ನಾಲ್ಕು ಸೆಟ್ ತಗೊಂಡಿದ್ದೇನೆ, ಆಡೋದು ಮೊದಲನೆಯದರಲ್ಲೇ.

ಮರುವರ್ಷ ನಾನು ಮತ್ತೆ ಹೋದೆ, ಎರಡನೇ ಪಂದ್ಯದಲ್ಲೇ ಒಬ್ಬ ಹುಡುಗಿಯ ಕೈಯಲ್ಲಿ ಸೋತೆ. ಚೆನ್ನಾಗಿ ಆಡಿದಳು. ನಾನೇನೂ ದಡ್ಡತನ ಮಾಡಲಿಲ್ಲ, ಆ ರಾತ್ರಿ ನಿದ್ದೆಯೂ ಚೆನ್ನಾಗಿ ಬಂತು. ನೀವು ಸೋತರೂ ಜಾಕೆಟ್ ಹಾಕಿಕೊಂಡು ತಕ್ಷಣ ಓಡಿ ಹೋಗಬೇಡಿ, ಮುಂದಿನ ಪಂದ್ಯದ ಲೆಕ್ಕ ಬರೆಯೋದು ಇರುತ್ತದೆ. ಪೆನ್ನು ಅವರೇ ಕೊಡುತ್ತಾರೆ.