ತಿಥಿಗೆ ಯಾರಾದರೂ ಶುಭಾಶಯ ಹೇಳುತ್ತಾರಾ?

(ಶಿರಸಿಯ ನಿವೃತ್ತ ಮಾಸ್ತರರೊಬ್ಬರ ಪತ್ರದ ಸಾರ: ಅಮೆರಿಕದಲ್ಲಿರುವ ಮಗ ಮೇ ಕೊನೆಗೆ ಫೋನ್ ಮಾಡಿ, ‘ಇವತ್ತು ಮೆಮೋರಿಯಲ್ ಡೇ, ರಜೆ. ಅಂಗಡಿಗಳಲ್ಲಿ ಹಾಸಿಗೆಗೆ ಅರ್ಧ ದರ. ಪಕ್ಕದ ಮನೆಯವರು ಅಂಗಳದಲ್ಲಿ ಕೋಳಿ ಸುಡುತ್ತಿದ್ದಾರೆ’ ಎಂದ. ನಾನೂ ಶುಭಾಶಯ ಹೇಳಿದೆ. ಅದು ಯುದ್ಧದಲ್ಲಿ ಸತ್ತ ಸೈನಿಕರ ದಿನ ಅಂತ ಆಮೇಲೆ ಗೊತ್ತಾಯಿತು. ಇದೆಂಥ ಆಚರಣೆ? ನಮ್ಮ ಕಾರವಾರದ ಹುತಾತ್ಮ ಮೇಜರ್ ರಾಣೆಯವರಂಥವರಿಗಾಗಿ ನಮ್ಮಲ್ಲೂ ಒಂದು ರಜೆ ಬೇಡವೇ? ಮನವಿ ಬರೆಯೋಣ, ನೀವೂ ಸಹಿ ಹಾಕಿ.)

ಮಾಸ್ತರ್ರೇ,

ಶುಭಾಶಯ ಹೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅಲ್ಲಿಯವರೇ ಎಷ್ಟೋ ಜನ ಹೇಳಿಬಿಡುತ್ತಾರೆ. ಮಗನನ್ನು ಕಳೆದುಕೊಂಡ ಮನೆಯವರು ಕೇಳಿಸಿಕೊಂಡು ಸುಮ್ಮನಾಗುತ್ತಾರೆ. ನಮ್ಮಲ್ಲಿ ತಿಥಿ ಮನೆಗೆ ಹೋಗಿ ಯಾರೂ ಶುಭಾಶಯ ಹೇಳುವುದಿಲ್ಲ, ಅಲ್ವಾ? ಅದೂ ಹಾಗೇ.

ಆ ದಿನ ಹುಟ್ಟಿದ್ದು ಗುಲಾಮಗಿರಿಯ ವಿಷಯಕ್ಕೆ ಅವರ ಉತ್ತರ ಮತ್ತು ದಕ್ಷಿಣದ ರಾಜ್ಯಗಳು ಕಾದಾಡಿದ ಅಂತರ್ಯುದ್ಧದಿಂದ. 1861ರಿಂದ 1865ರವರೆಗೆ ನಡೆದ ಆ ಯುದ್ಧದಲ್ಲಿ 6 ಲಕ್ಷಕ್ಕೂ ಜಾಸ್ತಿ ಸೈನಿಕರು ಸತ್ತರು. ಗುಂಡಿಗಿಂತ ಕಾಯಿಲೆಗೆ ಸತ್ತವರೇ ಹೆಚ್ಚು. ಚಾರ್ಲ್‌ಸ್ಟನ್ ಎಂಬ ಊರಲ್ಲಿ ದಕ್ಷಿಣದವರು ಕುದುರೆ ಓಟದ ಮೈದಾನವನ್ನು ಸೆರೆಮನೆ ಮಾಡಿದ್ದರು. ಅಲ್ಲಿ ಸತ್ತ ಉತ್ತರದ ಸೈನಿಕರನ್ನು ಒಂದೇ ಗುಂಡಿಗೆ ಹಾಕಿ ಮುಚ್ಚಿದ್ದರು. ಯುದ್ಧ ಮುಗಿದ ಮೇಲೆ ಆ ಊರಿನ ಕಪ್ಪು ಜನ, ನಿನ್ನೆ ಮೊನ್ನೆಯವರೆಗೆ ಗುಲಾಮರಾಗಿದ್ದವರು, ಆ ಗುಂಡಿ ತೆಗೆದರು. 257 ಹೆಣಗಳನ್ನು ಒಂದೊಂದಾಗಿ ಬೇರೆ ಬೇರೆ ಮಣ್ಣು ಮಾಡಿದರು. ಸುತ್ತ ಬೇಲಿ ಕಟ್ಟಿದರು. 1865ರ ಮೇ 1ರಂದು ಸುಮಾರು 10,000 ಜನ ಅಲ್ಲಿ ಸೇರಿದರು. ಮುಂದೆ ಶಾಲೆ ಮಕ್ಕಳು, ಕೈತುಂಬಾ ಗುಲಾಬಿ. ಸತ್ತವರು ಅವರ ನೆಂಟರಲ್ಲ, ಊರವರೂ ಅಲ್ಲ. ಮೊದಲ ಆಚರಣೆ ನಮ್ಮದು ಅಂತ ಇನ್ನೂ ಹಲವು ಊರುಗಳು ಹೇಳಿಕೊಳ್ಳುತ್ತವೆ. ಆ ಜಗಳ ನಮಗೆ ಬೇಡ. ನನಗೆ ಮಾತ್ರ ಈ ಕಥೆಯೇ ಮನಸ್ಸಿಗೆ ಹತ್ತಿರ.

1868ರಲ್ಲಿ ಜನರಲ್ ಲೋಗನ್ ಎಂಬವರು ಮೇ 30ರಂದು ಎಲ್ಲ ಕಡೆ ಸಮಾಧಿಗಳಿಗೆ ಹೂವಿಡಬೇಕೆಂದು ಕರೆ ಕೊಟ್ಟರು. ಆಗ ಅದರ ಹೆಸರು ಡೆಕೊರೇಷನ್ ಡೇ, ಹೂವಿನ ಅಲಂಕಾರದ ದಿನ. ಮೊದಲ ಮಹಾಯುದ್ಧದ ನಂತರ ಎಲ್ಲ ಯುದ್ಧಗಳಲ್ಲಿ ಸತ್ತವರಿಗೂ ಸೇರಿತು. 1971ರಿಂದ ಮೇ ಕೊನೆಯ ಸೋಮವಾರಕ್ಕೆ ಹೋಯಿತು. ಶನಿವಾರ, ಭಾನುವಾರಕ್ಕೆ ಸೋಮವಾರ ಅಂಟಿದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕೇ? ಹಾಸಿಗೆಗೆ ಅರ್ಧ ದರ ಆಗುತ್ತದೆ.

ಕೋಳಿ ಸುಡುವುದಕ್ಕೆ ಮಾತ್ರ ನನ್ನ ತಕರಾರಿಲ್ಲ. ತಿಥಿ ದಿನ ನಾವು ವಡೆ, ಪಾಯಸ ಉಣ್ಣುವುದಿಲ್ಲವೇ? ಊಟಕ್ಕೆ ಮೊದಲು ತೀರಿಕೊಂಡವರ ಹೆಸರು ಹೇಳಿ ಎಳ್ಳುನೀರು ಬಿಡುತ್ತೇವೆ, ಅಷ್ಟೇ ವ್ಯತ್ಯಾಸ. ಅಲ್ಲೂ ಆ ದಿನ ಧ್ವಜವನ್ನು ಮಧ್ಯಾಹ್ನದವರೆಗೆ ಅರ್ಧಕ್ಕೆ ಇಳಿಸಿ, ಆಮೇಲೆ ಪೂರ್ತಿ ಏರಿಸುತ್ತಾರೆ. 3 ಗಂಟೆಗೆ ಒಂದು ನಿಮಿಷ ಮೌನ. ನಿಮ್ಮ ಮಗ ಅದನ್ನು ಮಾಡಿ ಆಮೇಲೆ ಹಾಸಿಗೆ ಕೊಳ್ಳಲಿ ಬಿಡಿ.

ಇನ್ನು ರಾಣೆಯವರು. ಇಲ್ಲಿ ನಿಮ್ಮನ್ನು ತಿದ್ದಬೇಕು, ಮಾಸ್ತರರನ್ನು ತಿದ್ದುವ ಅವಕಾಶ ಮತ್ತೆ ಸಿಕ್ಕೀತೇ? ಚೆಂಡಿಯಾದ ರಾಮ ರಾಘೋಬ ರಾಣೆ ಹುತಾತ್ಮರಲ್ಲ. ಪರಮವೀರ ಚಕ್ರವನ್ನು ಬದುಕಿದ್ದಾಗಲೇ ಪಡೆದವರು, ತೀರಿಕೊಂಡಿದ್ದು 1994ರಲ್ಲಿ. ಅಮೆರಿಕದ ಲೆಕ್ಕದಲ್ಲಿ ಅವರ ದಿನ ಮೇ ತಿಂಗಳಲ್ಲಿ ಅಲ್ಲ, ನವೆಂಬರ್ 11. ಸೇನೆಯಲ್ಲಿ ದುಡಿದ ಎಲ್ಲರಿಗೂ ಇರುವ ದಿನ ಅದು. ನಾವು ಎರಡನ್ನೂ ಕಲಸಿಬಿಡುತ್ತೇವೆ.

1948ರ ಏಪ್ರಿಲ್‌ನಲ್ಲಿ, ಪಾಕಿಸ್ತಾನದ ಜೊತೆ ಕಾಶ್ಮೀರದ ಯುದ್ಧ ನಡೆಯುತ್ತಿದ್ದಾಗ, ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ನೆಲಬಾಂಬ್ ತೆಗೆದು ಟ್ಯಾಂಕ್‌ಗಳಿಗೆ ದಾರಿ ಮಾಡಿಕೊಡುವ ಕೆಲಸ ರಾಣೆಯವರ ತಂಡದ್ದು. ಏಪ್ರಿಲ್ 8ರಂದು ಕೆಲಸ ಶುರುಮಾಡುತ್ತಿದ್ದಂತೆ ಮೋರ್ಟಾರ್ ಗುಂಡು ಬಿತ್ತು. ತಂಡದ ಇಬ್ಬರು ಸತ್ತರು, ರಾಣೆಯವರೂ ಸೇರಿ 5 ಜನರಿಗೆ ಗಾಯ. ಗಾಯವಾದರೂ ಅವರು ಹಿಂದೆ ಸರಿಯದೆ ದಿನಗಟ್ಟಲೆ ದಾರಿ ಬಿಡಿಸಿದ್ದು ನಿಮಗೆ ಗೊತ್ತೇ ಇದೆ, ಕಾರವಾರದ ಟ್ಯಾಗೋರ್ ಕಡಲತೀರದಲ್ಲಿರುವ ಅವರ ಪ್ರತಿಮೆ ಅದಕ್ಕಾಗಿಯೇ. ಆದರೆ ಪ್ರಶಸ್ತಿಯ ಬರಹದಲ್ಲಿ ಆ ಇಬ್ಬರ ವಿಷಯ ಬರುವುದು ಅರ್ಧ ಸಾಲಿನಲ್ಲಿ, ಹೆಸರಿಲ್ಲದೆ. ನೀವು ಕೇಳಿದ ದಿನ ಆ ಇಬ್ಬರದು.

ಇದು ನಮಗೆ ಹೊಸದೂ ಅಲ್ಲ. ನಿಮ್ಮ ಕಡೆ ಬನವಾಸಿ ಸುತ್ತಮುತ್ತ ವೀರಗಲ್ಲು ನೋಡಿದ್ದೀರಲ್ಲ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತಿರುವುದು. ಎಷ್ಟೋ ಕಲ್ಲುಗಳು ರಾಜರದ್ದಲ್ಲ, ಊರ ದನ ಹೊಡೆದುಕೊಂಡು ಹೋದವರನ್ನು ತಡೆಯಲು ಹೋಗಿ ಸತ್ತವರದ್ದು. ಹೆಸರು ಕೆತ್ತಿ ಕೈತೊಳೆದುಕೊಳ್ಳುತ್ತಿರಲಿಲ್ಲ. ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ನೆತ್ತರಿಗೆ ಕೊಟ್ಟ ಕೊಡುಗೆ. ಕಲ್ಲು ಎಲ್ಲರಿಗೂ ಕಾಣುತ್ತದೆ, ಗದ್ದೆ ಕಾಣುವುದಿಲ್ಲ.

ಅದಕ್ಕೇ ನಿಮ್ಮ ಮನವಿಗೆ ನಾನು ಸಹಿ ಹಾಕುವುದಿಲ್ಲ. ಇನ್ನೊಂದು ರಜೆ ಬಂದರೆ ಕಡಲತೀರದಲ್ಲಿ ಗಾಡಿ ನಿಲ್ಲಿಸಲು ಜಾಗ ಇರುವುದಿಲ್ಲ, ಅಷ್ಟೇ. ಜುಲೈ 26 ಇದೆ, ಕಾರ್ಗಿಲ್‌ನಲ್ಲಿ ಸತ್ತ 527 ಜನರ ನೆನಪಿಗೆ. ಡಿಸೆಂಬರ್ 7 ಇದೆ, 1949ರಿಂದ ನಡೆದುಬಂದ ಸಶಸ್ತ್ರ ಪಡೆಗಳ ಧ್ವಜ ದಿನ. ಅವತ್ತು ಸಣ್ಣ ಧ್ವಜ ಕೊಟ್ಟು ಡಬ್ಬಿಗೆ ಹಾಕಿಸಿಕೊಳ್ಳುವ ದುಡ್ಡು ಸತ್ತ ಸೈನಿಕರ ಮನೆಯವರಿಗೆ, ಅಂಗವಿಕಲರಾದವರಿಗೆ, ಮಾಜಿ ಸೈನಿಕರಿಗೆ ಹೋಗುತ್ತದೆ. ಇವತ್ತಿನ ನೆತ್ತರುಗೊಡಗೆ ಆ ಡಬ್ಬಿ.

ಕಳೆದ ಡಿಸೆಂಬರ್‌ನಲ್ಲಿ ಒಬ್ಬ ಶಾಲೆ ಹುಡುಗ ಡಬ್ಬಿ ಹಿಡಿದು ನಮ್ಮ ಕಚೇರಿಗೆ ಬಂದಿದ್ದ. ಪುಟ ಕಟ್ಟುವ ಗಡಿಬಿಡಿಯಲ್ಲಿ ‘ಚಿಲ್ಲರೆ ಇಲ್ಲ ಮಾರಾಯ’ ಎಂದೆ. ಅವನು ‘ಅಡ್ಡಿ ಇಲ್ಲ ಸರ್’ ಎಂದು ಒಂದು ಧ್ವಜ ಮೇಜಿನ ಮೇಲಿಟ್ಟು ಹೋದ. ಅದು ಇನ್ನೂ ಗಾಜಿನ ಕೆಳಗೆ ಇದೆ. ಅವನ ಬಾಕಿ ಹಾಗೇ ಉಳಿದಿದೆ.

- ಸಂಪಾದಕ