ಎತ್ತಿದ್ದು ಕೆಲಸ, ಹೊತ್ತು ನಿಂತದ್ದು ಅಲ್ಲವೇ?

ಒಂಬತ್ತನೆಯ ತರಗತಿಯ ಮಕ್ಕಳಿಗೆ ‘ಕೆಲಸ’ದ ಸೂತ್ರ (ಬಲ ಗುಣಿಸು ಬಲದ ದಿಕ್ಕಿನಲ್ಲಿ ವಸ್ತು ಸರಿದ ದೂರ) ಬಾಯಿಪಾಠವಾಗಿದೆ, ಅರ್ಥ ಮಾತ್ರ ತಲೆಗೆ ಇಳಿದಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ವಿಜಯಪುರ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನೂ ಇದೇ ಪಾಠ ಮಾಡುತ್ತೇನೆ. ಮೊದಲ ವರ್ಷ ಪಾಠ ಕೆಡಿಸಿದವನು ನಾನೇ. ‘ಚೀಲ ಹೊತ್ತು ಸಮತಟ್ಟಾದ ನೆಲದ ಮೇಲೆ ನಡೆಯುವ ಹಮಾಲ ಯಾವ ಕೆಲಸವನ್ನೂ ಮಾಡುವುದಿಲ್ಲ’ ಎಂದು ಗತ್ತಿನಿಂದ ಹೇಳಿಬಿಟ್ಟೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, ‘ಹಾಗಾದರೆ ನಮ್ಮಪ್ಪನಿಗೆ ಕೂಲಿ ಯಾಕೆ ಕೊಡುತ್ತಾರೆ ಸರ್?’ ಎಂದ.

ತಪ್ಪು ನನ್ನ ವಾಕ್ಯದಲ್ಲೇ ಇತ್ತು. ಭೌತಶಾಸ್ತ್ರದಲ್ಲಿ ಕೆಲಸದ ಲೆಕ್ಕ ಬಲದ ಹೆಸರಿನಲ್ಲಿ ನಡೆಯುತ್ತದೆ. ಯಾವ ಬಲ, ಯಾವ ವಸ್ತುವಿನ ಮೇಲೆ ಎಂದು ಹೇಳದೆ ‘ಕೆಲಸ ಆಗಲಿಲ್ಲ’ ಎಂದರೆ ಆ ಮಾತಿಗೆ ತಲೆಯೂ ಇಲ್ಲ, ಬುಡವೂ ಇಲ್ಲ. ಚೀಲವನ್ನು ಹೊತ್ತ ಬಲ ಮೇಲ್ಮುಖ, ಚೀಲ ಸರಿದದ್ದು ಅಡ್ಡಕ್ಕೆ, ನಡುವೆ 90 ಡಿಗ್ರಿ. ಆ ಬಲ ಚೀಲದ ಮೇಲೆ ಮಾಡಿದ ಕೆಲಸ ಸೊನ್ನೆ. ಅಷ್ಟನ್ನೇ ಹೇಳಬೇಕಿತ್ತು.

ಈಗ ಸಂಗ್ರಾಣಿ ಕಲ್ಲಿನಿಂದ ಆರಂಭಿಸುತ್ತೇನೆ. ಜಾತ್ರೆಯಲ್ಲಿ ಪೈಲ್ವಾನರು ಅದನ್ನು ಎತ್ತುವುದನ್ನು ನಮ್ಮ ಮಕ್ಕಳು ಕಣ್ಣಾರೆ ಕಂಡಿರುತ್ತಾರೆ. 100 ಕಿಲೋ ಕಲ್ಲನ್ನು ಒಂದೂವರೆ ಮೀಟರ್ ಮೇಲಕ್ಕೆ ಎತ್ತಿದರೆ, ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದು, ಆದ ಕೆಲಸ 1,500 ಜೌಲ್. ಕೆಲಸವನ್ನೂ ಶಕ್ತಿಯನ್ನೂ ಅಳೆಯುವ ಮಾನವೇ ಜೌಲ್. ಆಮೇಲೆ ಅವನು ಕಲ್ಲನ್ನು ಹೆಗಲ ಮೇಲಿಟ್ಟುಕೊಂಡು ನಿಲ್ಲುತ್ತಾನೆ. ಸಿಳ್ಳೆ ಬೀಳುವುದೂ ಕಾಲು ನಡುಗುವುದೂ ಆಗಲೇ. ಕಲ್ಲಿನ ಮೇಲೆ ಆಗುತ್ತಿರುವ ಕೆಲಸ ಮಾತ್ರ ಸೊನ್ನೆ!

ಹಾಗಾದರೆ ಬೆವರು ಎಲ್ಲಿಯದು? ಇದಕ್ಕೆ ಒಂದು ಪೂರ್ತಿ ಪೀರಿಯಡ್ ಕೊಡಿ. ಸ್ನಾಯುವಿನೊಳಗಿನ ಸೂಕ್ಷ್ಮ ಎಳೆಗಳು ಒಂದೇ ಸಮನೆ ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತಿರುತ್ತವೆ. ಉಂಡ ಅನ್ನದ ಶಕ್ತಿ ಅಲ್ಲಿ ಶಾಖವಾಗಿ ಹೋಗುತ್ತದೆ. ಅದೇ ಕಲ್ಲನ್ನು ಗುಡಿಯ ಕಟ್ಟೆಯ ಮೇಲಿಡಿ, ಕಟ್ಟೆ ಅದನ್ನು ವರ್ಷವಿಡೀ ಹೊತ್ತಿರುತ್ತದೆ. ಅದಕ್ಕೆ ರೊಟ್ಟಿಯೂ ಬೇಡ, ಕೂಲಿಯೂ ಬೇಡ. ಹಮಾಲನ ಮಗನಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದೇ.

ಸೂತ್ರ ಬರೆಸುವುದು ಇದೆಲ್ಲ ಆದ ಮೇಲೆ. ಲೆಕ್ಕಕ್ಕೆ ನಮಗೆ ಗೋಲಗುಂಬಜ್ ಇದೆ. ಮೂಲೆಯ ಗೋಪುರದ ಮೆಟ್ಟಿಲು ಹತ್ತಿ ಪಿಸುಮಾತಿನ ಗ್ಯಾಲರಿ ತಲುಪಿದರೆ ಸುಮಾರು 30 ಮೀಟರ್ ಎತ್ತರ ಎಂದಿಟ್ಟುಕೊಳ್ಳಿ. 40 ಕಿಲೋ ತೂಕದ ಮಗು ಗುರುತ್ವದ ವಿರುದ್ಧ ಮಾಡುವ ಕೆಲಸ 12,000 ಜೌಲ್. ಕೇಳಿದ ಕೂಡಲೇ ಮಕ್ಕಳ ಹುಬ್ಬು ಮೇಲೇರುತ್ತದೆ. ಒಂದು ಗ್ರಾಂ ಬೆಲ್ಲದಲ್ಲಿ ಸುಮಾರು 16,000 ಜೌಲ್ ಇದೆ ಎಂದು ಹೇಳಿದಾಗ ಅಷ್ಟೇ ಬೇಗ ಇಳಿಯುತ್ತದೆ. ಸ್ನಾಯುಗಳು ಶಕ್ತಿಯ ಕಾಲು ಭಾಗವನ್ನಷ್ಟೇ ಕೆಲಸಕ್ಕೆ ಹಚ್ಚುತ್ತವೆ ಎಂದು ಹಿಡಿದರೂ ಮೂರು ಗ್ರಾಂ ಬೆಲ್ಲ ಸಾಕು.

ಕಳೆದ ಸಲ ಒಬ್ಬಳು, ‘ಇಳಿದು ಬಂದರೆ ಬೆಲ್ಲ ವಾಪಸ್ ಬರುತ್ತದೆಯೇ ಸರ್?’ ಎಂದು ಕೇಳಿದಳು. ಋಣಾತ್ಮಕ ಕೆಲಸದ, ಅಂದರೆ ಬಲ ಒಂದು ಕಡೆಗೆ, ವಸ್ತು ಸರಿಯುವುದು ಅದರ ಎದುರು ಕಡೆಗೆ ಇದ್ದಾಗಿನ ಕೆಲಸದ ಪಾಠವನ್ನು ಅಲ್ಲಿಂದಲೇ ಎತ್ತಿಕೊಂಡೆ.