ಪ್ರೈಕೆಸ್ಟೋಲನ್ ಹತ್ತಲು ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡಬೇಕು?

ಜುಲೈನಲ್ಲಿ ನಾರ್ವೆಯ ಸ್ಟಾವಾಂಗರ್‌ನಲ್ಲಿ ಒಂದೇ ದಿನ, ಜೊತೆಗೆ ಅಪ್ಪ ಅಮ್ಮ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಪ್ರೈಕೆಸ್ಟೋಲನ್ ಅನ್ನುವ ಆ ಚಪ್ಪಟೆ ತಲೆಯ ಕಡಿದಾದ ಬಂಡೆ ಹತ್ತಿ ಇಳಿದು, ಮಧ್ಯಾಹ್ನ ಅದರ ಕೆಳಗಿನ ಲೀಸೆಫ್ಯೋರ್ಡಿನಲ್ಲಿ, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ ಕವಲಿನಲ್ಲಿ, ದೋಣಿಯ ಕ್ರೂಸ್. ನಿಮ್ಮ ಈ ಪ್ಲ್ಯಾನ್ ಓದಿದ ತಕ್ಷಣ ಉತ್ತರ ಬರೆಯಲು ಕೂತೆ. ಯಾಕೆಂದರೆ ನನ್ನದೂ ಇದೇ ಪ್ಲ್ಯಾನ್ ಆಗಿತ್ತು. ಜೊತೆಗಿದ್ದವರು ಅಪ್ಪ.

ಆಗ ನಾನು ಜರ್ಮನಿಯಲ್ಲಿದ್ದೆ, ಅಪ್ಪ ಬೇಸಿಗೆಗೆ ನನ್ನ ಹತ್ತಿರ ಬಂದಿದ್ದರು. ಮೂಡಿಗೆರೆ ಕಡೆಯವರು, ಬೆಟ್ಟ ಅವರಿಗೆ ಹೊಸದಲ್ಲ. ಎತ್ತಿನಭುಜ, ಬಲ್ಲಾಳರಾಯನ ದುರ್ಗ ಎಲ್ಲ ನಾನು ಹತ್ತಿದ್ದೇ ಅವರ ಬೆನ್ನ ಹಿಂದೆ. ನಸುಕಿಗೇ ಹೊರಡಬೇಕು, ಬಿಸಿಲೇರುವುದರೊಳಗೆ ಮೇಲಿರಬೇಕು, ಮಧ್ಯಾಹ್ನಕ್ಕೆ ಇಳಿದುಬಿಡಬೇಕು ಅನ್ನುವುದು ಅಲ್ಲಿಂದ ಬಂದ ಅಭ್ಯಾಸ. ನಮ್ಮ ಘಟ್ಟದಲ್ಲಿ ಅದು ಸರಿಯೇ. ಬಿಸಿಲು ತಡೆಯಲಾಗುವುದಿಲ್ಲ, ಏಳು ಗಂಟೆಗೆಲ್ಲ ಕತ್ತಲು, ಕೆಲವು ಕಡೆ ಸಂಜೆಯಾದರೆ ಆನೆ ಭಯ ಬೇರೆ.

ಅದೇ ಲೆಕ್ಕ ಹಿಡಿದು ನಾರ್ವೆಗೂ ಹೋದೆ. ಬಸ್ ಟಿಕೆಟ್ ಎಷ್ಟೋ ದಿನ ಮುಂಚೆಯೇ ತೆಗೆದಿದ್ದೆ. ಬೆಳಗಿನ ಬಸ್ಸಿಗೆ ಹೋಗುವುದು, ಮಧ್ಯಾಹ್ನದ ಬಸ್ಸಿಗೆ ವಾಪಸ್. ಆಮೇಲೆ ಕ್ರೂಸ್, ಅದಕ್ಕೂ ದುಡ್ಡು ಕಟ್ಟಿಯಾಗಿತ್ತು. ಹಿಂದಿನ ರಾತ್ರಿ ಹವಾಮಾನ ನೋಡಿದೆ. ಮಧ್ಯಾಹ್ನದ ತನಕ ಮೋಡ, ತುಂತುರು. ಆಮೇಲೆ ಪೂರ್ತಿ ಬಿಸಿಲು. ಗಂಟೆ ಗಂಟೆಗೂ ಬಿಡಿಸಿ ಬರೆದಿತ್ತು. ನೋಡಿದೆ, ಫೋನ್ ಇಟ್ಟು ಮಲಗಿದೆ.

ದಾರಿ ಏನೂ ಕಷ್ಟದ್ದಲ್ಲ. ಹೋಗಲು 4 ಕಿಲೋಮೀಟರ್, ಬರಲು 4. ಆದರೆ ಸಮತಟ್ಟು ಅಂದುಕೊಳ್ಳಬೇಡಿ. ಏರಿ ಇಳಿದು ಮತ್ತೆ ಏರಬೇಕು, ಒಟ್ಟು 500 ಮೀಟರ್ ಹತ್ತಿದ ಹಾಗಾಗುತ್ತದೆ. ಕಡಿದಾದ ಕಡೆ ನೇಪಾಳದಿಂದ ಬಂದ ಶೆರ್ಪಾಗಳು ದೊಡ್ಡ ದೊಡ್ಡ ಕಲ್ಲು ಜೋಡಿಸಿ ಮೆಟ್ಟಿಲು ಮಾಡಿದ್ದಾರೆ. ಅಪ್ಪ ಅಲ್ಲಿ ನಿಂತು ಒಂದು ಕಲ್ಲನ್ನು ಕಾಲಿನಿಂದ ಒತ್ತಿ ನೋಡಿದರು. ಅಲುಗಾಡಲಿಲ್ಲ. "ಸಿಮೆಂಟೇ ಹಾಕಿಲ್ಲ ನೋಡೋ" ಅಂತ ಖುಷಿಪಟ್ಟರು. ಜೌಗು ಇರುವ ಕಡೆ ಹಲಗೆ ಹಾಸಿದ್ದಾರೆ. ಬಂಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಟಿ ಅಕ್ಷರ ಬರೆದಿರುತ್ತದೆ, ಅದನ್ನು ನೋಡಿಕೊಂಡು ಹೋದರೆ ಮಂಜಿನಲ್ಲೂ ದಾರಿ ತಪ್ಪುವುದಿಲ್ಲ. ನಮಗೆ ತಪ್ಪಲಿಲ್ಲ.

ಮೇಲೆ ಏನೂ ಕಾಣಲಿಲ್ಲ. ಕಾಲ ಕೆಳಗಿನ ಬಂಡೆ, ಅದರ ಮೇಲಿನ ಬಿರುಕು, ಹತ್ತು ಹೆಜ್ಜೆ ಆಚೆಗೆ ಬರೀ ಬಿಳಿ. 604 ಮೀಟರ್ ಕೆಳಗೆ ನೀರಿದೆ ಅಂತ ನನಗೆ ಗೊತ್ತು, ಅಪ್ಪನಿಗೆ ತೋರಿಸಲು ಆಗುತ್ತಿಲ್ಲ. ಬಂಡೆಯ ಅಂಚಿಗೆ ಬೇಲಿ ಇಲ್ಲ, ಕಂಬಿ ಇಲ್ಲ, ಅಂಚು ಎಲ್ಲಿದೆ ಅಂತಲೇ ತಿಳಿಯದು. ಅಪ್ಪನನ್ನು ನಡುವೆ ಕೂರಿಸಿ ಡಬ್ಬಿ ತೆಗೆದೆ. ಅವಲಕ್ಕಿ ಆರಿ ತಣ್ಣಗಾಗಿತ್ತು. ಅವರ ಹುಬ್ಬಿನ ಕೂದಲಿನ ಮೇಲೆ ಸಣ್ಣ ಸಣ್ಣ ಹನಿ ಕೂತಿತ್ತು, ಒರೆಸಿಕೊಂಡರೂ ಮತ್ತೆ ಕೂರುತ್ತಿತ್ತು. ಸುಮ್ನೆ ತಿಂದರು. ನಾನು ವಾಚ್ ನೋಡುತ್ತಿದ್ದೆ. ಬಸ್ಸಿಗೆ ಹೊತ್ತಾಯಿತು ಅಂತ ಎಬ್ಬಿಸಿಕೊಂಡು ಇಳಿದೆ.

ಅರ್ಧ ದಾರಿಯಲ್ಲಿ ಸಣ್ಣ ಕೆರೆಗಳಿವೆ. ಅಲ್ಲಿಗೆ ಬರುವ ಹೊತ್ತಿಗೆ ಬಿಸಿಲು ಬಂತು. ಎದುರಿಗೆ ಜನ ಟೀ ಶರ್ಟಿನಲ್ಲಿ ಹತ್ತಿಕೊಂಡು ಬರುತ್ತಿದ್ದರು. ಸಂಜೆ ಕ್ರೂಸ್ ಅದೇ ಬಂಡೆಯ ಕೆಳಗೆ ಹಾದುಹೋಯಿತು. ಕ್ಯಾಮೆರಾ ಜೂಮ್ ಮಾಡಿದರೆ ಅಂಚಿನಲ್ಲಿ ಜನ ಕಂಡರು, ಹಿಂದೆ ನೀಲಿ ಆಕಾಶ. ಅಪ್ಪ ಕ್ಯಾಮೆರಾ ಇಸಿದುಕೊಂಡು ತುಂಬಾ ಹೊತ್ತು ನೋಡಿದರು. "ನಾವು ಅಲ್ಲೇ ಕೂತಿದ್ವಾ?" ಅಂದರು. ಆ ವಾರವೇ ಅವರು ಊರಿಗೆ ಹೊರಟರು. ಈಗ ಅವರ ಮಂಡಿ ನಮ್ಮ ಮನೆ ಮಹಡಿ ಹತ್ತಲೂ ಬಿಡುವುದಿಲ್ಲ.

ಇದರಲ್ಲಿ ತಪ್ಪು ಎಲ್ಲಿ ಆಯಿತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ಲ್ಯಾನಿನಲ್ಲೂ ಅದೇ ಇದೆ. ಮಂಜು ಬರುವುದು ಸಹಜ, ಅದು ಸಮುದ್ರದ ಪಕ್ಕದ ಊರು. ತಪ್ಪು ಆಗಿದ್ದು ವಾಪಸ್ ಟಿಕೆಟ್ಟಿನಲ್ಲಿ. ಜುಲೈ ಶುರುವಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತೂವರೆ ದಾಟಿದ ಮೇಲೆ. ಹಗಲು ಸುಮಾರು 18 ಗಂಟೆ. ಹತ್ತಿ ಇಳಿಯಲು ಬೇಕಾಗುವುದು ನಾಲ್ಕು ಗಂಟೆ, ಹಿರಿಯರಿದ್ದರೆ ಐದಾರು ಅನ್ನಿ. ಅಂದರೆ ಮೋಡ ಸರಿಯುವ ತನಕ ಕಾಯಲು ಬೇಕಾದಷ್ಟು ಹೊತ್ತು ಕೈಯಲ್ಲಿತ್ತು. ಅಷ್ಟನ್ನೂ ನಾನು ಮುಂಚೆಯೇ ಒಂದು ಬಸ್ಸಿಗೆ, ಒಂದು ದೋಣಿಗೆ ಕಟ್ಟಿಹಾಕಿದ್ದೆ. ಮಧ್ಯಾಹ್ನ ಒಂದಕ್ಕೆ ಹೊರಟಿದ್ದರೂ ಸಾಕಿತ್ತು. ಮೇಲೆಯೇ ಇನ್ನೊಂದು ಗಂಟೆ ಕೂತಿದ್ದರೂ ಸಾಕಿತ್ತು. ಬಸ್ ತಪ್ಪಿದರೆ ಇನ್ನೊಂದು ಟಿಕೆಟ್ ದುಡ್ಡು, ಕ್ರೂಸ್ ಹೋದರೆ ಅದರ ದುಡ್ಡು. ಕಟ್ಟಿದ ದುಡ್ಡು ದಂಡ ಆಗಬಾರದು ಅಂತ ಅಪ್ಪನನ್ನು ಇಳಿಸಿದೆ.

ಆದ್ದರಿಂದ ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡಬೇಕು ಅನ್ನುವ ಪ್ರಶ್ನೆಯನ್ನೇ ಬಿಡಿ. ಬೆಳಿಗ್ಗೆಯೇ ಹೊರಡಬೇಕು ಅಂತ ಯಾರು ಹೇಳಿದರು? ಆಮೇಲೆ ಒಂದು ಸಲ ನಾನೊಬ್ಬನೇ ಮಧ್ಯಾಹ್ನ ಊಟ ಮಾಡಿ ಹೊರಟು ಹತ್ತಿದೆ. ಸಂಜೆ ಜನ ಕಡಿಮೆ. ಫ್ಯೋರ್ಡ್ ಪೂರ್ವಕ್ಕೆ ಚಾಚಿದೆ, ಹಾಗಾಗಿ ಸಂಜೆ ಬಿಸಿಲು ಬೆನ್ನ ಹಿಂದಿನಿಂದ ಬೀಳುತ್ತದೆ, ಎದುರಿನ ಬಂಡೆಗಳೆಲ್ಲ ಸ್ಪಷ್ಟ ಕಾಣುತ್ತವೆ. ಹೊಟ್ಟೆಯ ಮೇಲೆ ಮಲಗಿ ಅಂಚಿನಿಂದ ತಲೆ ಮಾತ್ರ ಹೊರಗೆ ಚಾಚಿ ಕೆಳಗೆ ನೋಡಿದೆ. ನಿಂತುಕೊಂಡು ಬಗ್ಗಬೇಡಿ, ಬಂಡೆ ಒದ್ದೆಯಿದ್ದರೆ ಅಂಚಿನ ಹತ್ತಿರವೇ ಬೇಡ.

ನಾರ್ವೆಯವರು ಬೆಟ್ಟಕ್ಕೆ ಹೋಗುವವರಿಗೆ ಅಂತ 9 ನಿಯಮ ಮಾಡಿಟ್ಟಿದ್ದಾರೆ. ಮೂರನೆಯದೇ ಹವಾಮಾನದ ಮೇಲೆ ಕಣ್ಣಿಡಿ ಅನ್ನುವುದು. ಅವರ ಹವಾಮಾನ ಇಲಾಖೆಯೂ ಅಲ್ಲಿನ ಸರ್ಕಾರಿ ಟಿವಿಯೂ ಸೇರಿ ನಡೆಸುವ ಇರ್ (Yr) ಅನ್ನುವ ಆ್ಯಪ್ ಇದೆ, ಹಾಕಿಕೊಳ್ಳಿ. ಸ್ಟಾವಾಂಗರ್ ಅಂತ ಹುಡುಕಬೇಡಿ, ಪ್ರೈಕೆಸ್ಟೋಲನ್ ಅಂತಲೇ ಹುಡುಕಿ. ಹಿಂದಿನ ರಾತ್ರಿ ಒಮ್ಮೆ, ಬೆಳಿಗ್ಗೆ ಎದ್ದು ಒಮ್ಮೆ ನೋಡಿ, ಆಮೇಲೆ ಹೊರಡುವ ಗಂಟೆ ತೀರ್ಮಾನ ಮಾಡಿ. 2019ರ ಕೊನೆಯಲ್ಲಿ 14.4 ಕಿಲೋಮೀಟರ್ ಉದ್ದದ ಸುರಂಗ ಸಮುದ್ರದ ಅಡಿಯಲ್ಲಿ ಆದ ಮೇಲೆ ಹಡಗಿಗೆ ಕಾಯುವ ತಾಪತ್ರಯ ಇಲ್ಲ. ಊರಿಂದ ಒಂದು ಗಂಟೆಯೊಳಗೆ ಬೆಟ್ಟದ ಬುಡದಲ್ಲಿರುತ್ತೀರಿ. ಯಾವ ಬಸ್ಸಿಗಾದರೂ ನಡೆಯುವ ಟಿಕೆಟ್ ತೆಗೆದುಕೊಳ್ಳಿ, ನಾಲ್ಕು ಕಾಸು ಜಾಸ್ತಿ ಆದರೂ ಪರವಾಗಿಲ್ಲ. ನಾಲ್ಕು ಜನ ಇದ್ದರೆ ಕಾರ್ ಬಾಡಿಗೆಗೆ ತೆಗೆದುಕೊಳ್ಳುವುದೇ ಒಳ್ಳೆಯದು.

ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಇಡೀ ದಿನ ಮೋಡ ಅಂತಿದ್ದರೆ ಹತ್ತಲೇಬೇಡಿ, ಕ್ರೂಸ್ ಹೋಗಿ. ಮೋಡ ಮೇಲೆ ಕಟ್ಟಿಕೊಂಡಿದ್ದರೂ ನೀರಿನ ಮಟ್ಟದಲ್ಲಿ ಫ್ಯೋರ್ಡ್ ಬಹಳ ಸಲ ಚೆನ್ನಾಗಿಯೇ ಕಾಣುತ್ತದೆ, ಮಳೆ ಬಂದರೆ ಜಲಪಾತಗಳು ಇನ್ನೂ ಜೋರು. ಬಿಸಿಲಿದ್ದರೆ ಕ್ರೂಸ್ ಬಿಟ್ಟು ಹತ್ತಿ.

ಅಪ್ಪ ಅಮ್ಮನ ವಿಷಯ. ಹತ್ತುವುದಕ್ಕಿಂತ ಇಳಿಯುವಾಗಲೇ ಮಂಡಿಗೆ ಕಷ್ಟ, ಆ ಕಲ್ಲಿನ ಮೆಟ್ಟಿಲುಗಳು ಒಂದೊಂದು ಒಂದೊಂದು ಎತ್ತರ. ಇಬ್ಬರಿಗೂ ಊರುಗೋಲು ಕೊಡಿಸಿ. ಜೀನ್ಸ್ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಮೇಲೆ ಗಾಳಿ ಕೊರೆಯುತ್ತದೆ, ಜುಲೈ ಆದರೂ ಸ್ವೆಟರ್, ಟೋಪಿ ಚೀಲದಲ್ಲಿರಲಿ. ಕೊನೆಯ ಬಸ್ ಎಷ್ಟಕ್ಕೆ ಅಂತ ಹೊರಡುವ ದಿನವೇ ಕೇಳಿ ಬರೆದಿಟ್ಟುಕೊಳ್ಳಿ, ಅದಕ್ಕಿಂತ ಮುಂಚಿನ ಬಸ್ಸುಗಳ ಸಮಯ ನಿಮಗೆ ಬೇಕಿಲ್ಲ.